ಕೋಚ್ ಬದಲಾದರೆ ಹಿಂದೆ ಹೋಗುವವರು ಯಾರು? ಫ್ರೀ ಏಜೆಂಟ್‌ಗಳ ಜಾತಕ ಕೂಡಿಸೋಣ ಬನ್ನಿ

ಕಂಠೀರವ_ಕಿಟ್ಟಿ

ಎಲ್ಲರಿಗೂ ನಮಸ್ಕಾರ. ಸೀಸನ್ ಮುಗಿದ ಕೂಡಲೇ ನಮ್ಮ ದೇಶದ ಫುಟ್‌ಬಾಲ್ ಲೀಗ್ ಐಎಸ್‌ಎಲ್‌ನಲ್ಲಿ ಎರಡು ಥರದ ಸುದ್ದಿ ಒಟ್ಟಿಗೆ ಬರುತ್ತವೆ. ಇಂಥ ಕೋಚ್ ಆ ತಂಡ ಬಿಟ್ಟು ಈ ತಂಡಕ್ಕೆ ಹೋದರು ಅಂತ ಒಂದು. ಮೇ 31ಕ್ಕೆ ಇಂಥಿಂಥವರ ಒಪ್ಪಂದ ಮುಗಿದು ಫ್ರೀ ಏಜೆಂಟ್ ಆದರು ಅಂತ ಇನ್ನೊಂದು. ಆಮೇಲೆ ಶುರುವಾಗುತ್ತದೆ ನಮ್ಮ ಮದುವೆ ಬ್ರೋಕರ್ ಕೆಲಸ. ಇವನು ಅವರ ಕೈಕೆಳಗೆ ಆಡಿದ್ದಾನೆ, ಈಗ ಖಾಲಿ ಇದ್ದಾನೆ, ಹೋಗೇ ಹೋಗುತ್ತಾನೆ ಅಂತ ಎಲ್ಲರೂ ಜಾತಕ ಕೂಡಿಸುತ್ತೇವೆ.

ನನ್ನ ಪ್ರಶ್ನೆ ಇಷ್ಟೇ. ನಿಜವಾಗಿ ಎಷ್ಟು ಜನ ಹೀಗೆ ಹೋಗುತ್ತಾರೆ? ಹೋದವರಿಗೆ ಒಳ್ಳೆಯದಾಗುತ್ತದಾ? ಯಾರು ಹೋಗಬಹುದು ಅಂತ ಮೊದಲೇ ಊಹಿಸೋಕೆ ಏನಾದರೂ ಗುರುತು ಇದೆಯಾ? ಟ್ವಿಟರ್‌ನಲ್ಲಿ ಸಿಕ್ಕಿದ ಗಾಳಿಸುದ್ದಿ ತಂದು ಸುರಿಯಬೇಡಿ. ಆಗಿ ಹೋದದ್ದನ್ನು ಇಟ್ಟುಕೊಂಡು ಮಾತಾಡೋಣ.

ವೆಸ್ಟ್‌ಬ್ಲಾಕ್_ಮಂಜ

ಈ ವಿಷಯಕ್ಕೆ ನಮ್ಮ ದೇಶದಲ್ಲಿ ಒಂದೇ ಹೆಸರು ಗುರು. ಕೋಚ್ ಸೆರ್ಜಿಯೊ ಲೊಬೆರಾ.

2017ರಲ್ಲಿ ಗೋವಾಕ್ಕೆ ಬಂದರು. ಅಲ್ಲಿ ಅಹ್ಮದ್ ಜಾಹೂ, ಮುರ್ತಾದಾ ಫಾಲ್, ಹ್ಯೂಗೊ ಬೂಮೂಸ್, ಮಂದಾರ್ ರಾವ್ ದೇಸಾಯಿ ಎಲ್ಲರೂ ಅವರ ಕೈಕೆಳಗೆ ಆಡಿದರು. 2020ರ ಜನವರಿ ಕೊನೆಯಲ್ಲಿ ಗೋವಾ ಅವರನ್ನು ತೆಗೆದುಹಾಕಿತು. ಆಗ ಗೋವಾ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು, ನೆನಪಿರಲಿ! ಅದೇ ವರ್ಷ ಅವರು ಮುಂಬೈ ಸಿಟಿಗೆ ಬಂದರು. ಹಿಂದೆಯೇ ಈ ನಾಲ್ಕೂ ಜನ. ಗೋವಾದ ಬೆನ್ನೆಲುಬನ್ನೇ ಎತ್ತಿಕೊಂಡು ಬಂದ ಹಾಗೆ. 2020-21ರಲ್ಲಿ ಮುಂಬೈ ಶೀಲ್ಡೂ (ಲೀಗ್ ಪಟ್ಟಿಯಲ್ಲಿ ಮೊದಲು ಬಂದವರಿಗೆ) ಗೆದ್ದಿತು, ಕಪ್ಪೂ (ಫೈನಲ್ ಗೆದ್ದವರಿಗೆ) ಗೆದ್ದಿತು.

2023ರಲ್ಲಿ ಲೊಬೆರಾ ಒಡಿಶಾಕ್ಕೆ ಬಂದಾಗ ಮತ್ತೆ ಜಾಹೂ, ಮತ್ತೆ ಫಾಲ್. 2024ರಲ್ಲಿ ಬೂಮೂಸ್ ಕೂಡ ಅಲ್ಲಿಗೇ. ನಾಲ್ವರೂ ಫ್ರೀಯಾಗಿ ಹೋದವರು. ಇದಕ್ಕಿಂತ ಸಾಕ್ಷಿ ಬೇಕಾ?

ಕರಾರು_ಕಾವ್ಯ

ಮಂಜ, ಒಂದು ತಿದ್ದುಪಡಿ. ನಾಲ್ವರೂ ಫ್ರೀ ಅಲ್ಲ. ಬೂಮೂಸ್‌ಗೆ ಗೋವಾ ಜೊತೆ ಒಪ್ಪಂದ ಇನ್ನೂ ಇತ್ತು. ಅದರಲ್ಲಿ ರಿಲೀಸ್ ಕ್ಲಾಸ್, ಅಂದರೆ ಇಷ್ಟು ದುಡ್ಡು ಕಟ್ಟಿದರೆ ಬಿಡಬೇಕು ಅನ್ನುವ ಷರತ್ತು, ಇತ್ತು. ಮುಂಬೈ ಆ ದುಡ್ಡು ಕಟ್ಟಿ ಕರೆದುಕೊಂಡು ಹೋಯಿತು. ಅದು ಕೊಂಡು ತಂದದ್ದು, ಬಿಟ್ಟಿ ಸಿಕ್ಕಿದ್ದಲ್ಲ.

ಈ ವ್ಯತ್ಯಾಸ ಇಲ್ಲಿ ಮುಖ್ಯ. ಕೋಚ್‌ಗೆ ಬೇಕು ಅಂತ ಕ್ಲಬ್ ದುಡ್ಡು ಸುರಿದು ತರುವುದು ಬೇರೆ. ಒಪ್ಪಂದ ಮುಗಿದು, ನಾಲ್ಕು ಕಡೆ ಬಾಗಿಲು ತೆರೆದಿರುವಾಗ ಆಟಗಾರ ತಾನೇ ಹಳೇ ಕೋಚ್ ಹತ್ತಿರ ಹೋಗುವುದು ಬೇರೆ. ಎರಡನೆಯದರಲ್ಲಿ ಮಾತ್ರ ಆಟಗಾರನ ಮನಸ್ಸು ಕಾಣುತ್ತದೆ.

ವೆಸ್ಟ್‌ಬ್ಲಾಕ್_ಮಂಜ

ಸರಿ ಮೇಡಂ, ಒಪ್ಪಿದೆ. ಬೂಮೂಸ್ ಲೆಕ್ಕದಿಂದ ಹೊರಗೆ. ಆದರೂ ಮೂರು ಜನ ಉಳಿದರಲ್ಲ.

ಸೀಟಿ_ಶಾಮಣ್ಣ

ನಾನು ರಿಟೈರ್ಡ್ ರೆಫರಿ. ಹಳಬ. ಈ ‘ಫ್ರೀ ಏಜೆಂಟ್’ ಅನ್ನುವುದು ಬಂದದ್ದು ಹೇಗೆ ಅಂತ ಹುಡುಗರಿಗೆ ಯಾರಾದರೂ ಹೇಳ್ರಪ್ಪ. ನಮ್ಮ ಕಾಲದಲ್ಲಿ ಒಪ್ಪಂದ ಮುಗಿದರೂ ಕ್ಲಬ್ ಬಿಡುತ್ತಿರಲಿಲ್ಲ. ಎನ್‌ಒಸಿ ಕಾಗದ ಹಿಡಿದುಕೊಂಡು ಸೆಕ್ರೆಟರಿ ಮನೆಗೆ ಅಲೆಯಬೇಕಿತ್ತು.

ಕರಾರು_ಕಾವ್ಯ

ಶಾಮಣ್ಣ ಸಾರ್, ನಾನು ಹೇಳುತ್ತೇನೆ. ನನಗೆ ಇದು ಇಷ್ಟದ ಕಥೆ.

ಬೆಲ್ಜಿಯಂನ ಜೀನ್-ಮಾರ್ಕ್ ಬೋಸ್ಮನ್ ಅನ್ನುವ ಆಟಗಾರ. ಆರ್‌ಎಫ್‌ಸಿ ಲಿಯೆಜ್ ಕ್ಲಬ್‌ನಲ್ಲಿದ್ದ. 1990ರಲ್ಲಿ ಒಪ್ಪಂದ ಮುಗಿಯಿತು. ಫ್ರಾನ್ಸ್‌ನ ಡಂಕರ್ಕ್ ತಂಡಕ್ಕೆ ಹೋಗಬೇಕು ಅಂದ. ಲಿಯೆಜ್ ಏನೆಂದಿತು ಗೊತ್ತಾ? ಒಪ್ಪಂದ ಮುಗಿದರೇನು, ನಮಗೆ ದುಡ್ಡು ಕೊಟ್ಟರೇ ಬಿಡುತ್ತೇವೆ ಅಂತ. ಸಂಬಳ ಕೂಡ ಇಳಿಸಿತು. ಅವನು ಕೋರ್ಟಿಗೆ ಹೋದ. ಐದು ವರ್ಷ ಎಳೆದಾಡಿ 1995ರ ಡಿಸೆಂಬರ್ 15ರಂದು ಯುರೋಪಿಯನ್ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟಿತು. ಯುರೋಪಿಯನ್ ಒಕ್ಕೂಟದೊಳಗೆ ಒಪ್ಪಂದ ಮುಗಿದವನಿಗೆ ಹಳೇ ಕ್ಲಬ್ ದುಡ್ಡು ಕೇಳುವ ಹಾಗಿಲ್ಲ ಅಂತ. ಆಮೇಲೆ ಆ ಪದ್ಧತಿ ಎಲ್ಲ ಕಡೆ ಹರಡಿತು. ಗೆದ್ದ ಬೋಸ್ಮನ್‌ನ ಆಟ ಅಷ್ಟರಲ್ಲಿ ಮುಗಿದೇಹೋಗಿತ್ತು, ಅದು ಬೇರೆ ಮಾತು.

ಈಗ ಫಿಫಾ ನಿಯಮದ ಪ್ರಕಾರ ಒಪ್ಪಂದ ಮುಗಿಯಲು ಆರು ತಿಂಗಳು ಉಳಿದಿರುವಾಗಲೇ ಆಟಗಾರ ಬೇರೆ ಕ್ಲಬ್ ಜೊತೆ ಸಹಿ ಹಾಕಬಹುದು. ನಿಮಗೆ ಮೇ ತಿಂಗಳಲ್ಲಿ ಕಾಣುವ ಸುದ್ದಿ ಎಷ್ಟೋ ಸಲ ಫೆಬ್ರವರಿಯಲ್ಲೇ ಇತ್ಯರ್ಥ ಆಗಿರುತ್ತದೆ.

ಇನ್ನೊಂದು. ಫ್ರೀ ಅಂದರೆ ಪುಕ್ಕಟೆ ಅಲ್ಲ. ಹಳೇ ಕ್ಲಬ್‌ಗೆ ಕೊಡಬೇಕಾದ ದುಡ್ಡು ಉಳಿಯುತ್ತದೆ ಅಷ್ಟೇ. ಆಟಗಾರ ಅದರಲ್ಲಿ ಒಂದು ಪಾಲನ್ನು ಸಹಿ ಹಾಕುವಾಗಲೇ ಕೇಳುತ್ತಾನೆ. ಏಜೆಂಟ್ ಇನ್ನೊಂದು ಪಾಲು.

ಬೆಳಗಾವಿ_ಲೆಫ್ಟ್‌ಬ್ಯಾಕ್

ಸುಮ್ನೆ ಒಂದು ಮಾತು ಕೇಳ್ರೀ. ಲೊಬೆರಾ 2021ರಲ್ಲಿ ಮುಂಬೈ ಬಿಟ್ಟು ಚೀನಾಕ್ಕೆ ಹೋದರಲ್ಲ, ಸಿಚುವಾನ್ ಜಿಯುನಿಯು ತಂಡಕ್ಕೆ. ಆಗ ಜಾಹೂ, ಫಾಲ್ ಯಾಕೆ ಹಿಂದೆ ಹೋಗಲಿಲ್ಲ? ಇಬ್ಬರೂ ಮುಂಬೈಯಲ್ಲೇ ಉಳಿದರು. ಡೆಸ್ ಬಕಿಂಗ್‌ಹ್ಯಾಮ್ ಕೈಕೆಳಗೆ ಆಡಿ 2022-23ರ ಶೀಲ್ಡ್ ಗೆದ್ದರು. ಕೋಚ್ ಮೇಲಿನ ಪ್ರೀತಿ ಅಂತೀರಲ್ಲ, ಆ ಪ್ರೀತಿ ವೀಸಾ ಇಲ್ಲದ ಕಡೆ ಬರೋದಿಲ್ಲವೇನು?

ವೆಸ್ಟ್‌ಬ್ಲಾಕ್_ಮಂಜ

ಹಹ್ಹಾ. ಆದರೆ ಅಣ್ಣ, ಅದು ಚೀನಾದ ಎರಡನೇ ದರ್ಜೆ ಲೀಗ್. ಇವರಿಬ್ಬರಿಗೂ ಇಲ್ಲಿ ಹೆಸರಿತ್ತು, ಒಪ್ಪಂದ ಇತ್ತು. ಹೋಗೋಕೆ ಕಾರಣ ಏನು?

ಬೆಳಗಾವಿ_ಲೆಫ್ಟ್‌ಬ್ಯಾಕ್

ನಾನು ಹೇಳೋದೂ ಅದೇ. ಎಲ್ಲ ಸರಿಹೊಂದಿದಾಗ ಮಾತ್ರ ಹೋಗುತ್ತಾರೆ. 2023ರಲ್ಲಿ ಫಾಲ್‌ಗೆ 35 ವರ್ಷ. ಜಾಹೂಗೂ ಆ ಜುಲೈಗೆ 35 ತುಂಬಿತು. ಆ ವಯಸ್ಸಿನ ವಿದೇಶಿ ಆಟಗಾರನನ್ನು ಯಾರು ನಂಬಿ ತಗೋತಾರೆ? ಗೊತ್ತಿಲ್ಲದ ಕೋಚ್ ಪಟ್ಟಿ ನೋಡುತ್ತಾನೆ, ಹುಟ್ಟಿದ ವರ್ಷ ನೋಡುತ್ತಾನೆ, ಮುಂದಿನ ಹೆಸರಿಗೆ ಹೋಗುತ್ತಾನೆ. ಗೊತ್ತಿರುವ ಕೋಚ್ ಮಾತ್ರ, ‘ಇವನು ಓಡೋದಿಲ್ಲ, ಆದರೆ ಓಡಬೇಕಾದ ಕಡೆ ಮೊದಲೇ ನಿಂತಿರುತ್ತಾನೆ’ ಅನ್ನುತ್ತಾನೆ.

ಅದರ ಮೇಲೆ 2021-22ರಿಂದ ಮೈದಾನದಲ್ಲಿ ವಿದೇಶಿಯರು ನಾಲ್ಕೇ ಜನ. ಮೊದಲು ಐದಿತ್ತು. ಒಂದು ಜಾಗ ಕಮ್ಮಿ ಆದಮೇಲೆ ಯಾವ ಕೋಚೂ ಗೊತ್ತಿಲ್ಲದವನ ಮೇಲೆ ಜೂಜಾಡೋದಿಲ್ಲ.

ಕಂಠೀರವ_ಕಿಟ್ಟಿ

ಇದು ಒಳ್ಳೆಯ ಪಾಯಿಂಟ್. ಹಾಗಾದರೆ ಮೊದಲ ಗುರುತು: ವಯಸ್ಸು 30 ದಾಟಿರಬೇಕು.

ಮಂಗಳೂರು_ಮಿಡ್‌ಫೀಲ್ಡ್

ಎರಡನೇ ಗುರುತು ನಾನು ಕೊಡುತ್ತೇನೆ. ಆಡುವ ಜಾಗ ನೋಡಿ.

ಕೋಚ್ ಹಿಂದೆ ಹೋಗುವವರಲ್ಲಿ ಜಾಸ್ತಿ ಜನ ಡಿಫೆನ್ಸ್ ಮುಂದೆ ನಿಂತು ಆಟ ನಡೆಸುವವರು, ಇಲ್ಲ ಹಿಂದಿನ ಸಾಲಿನಲ್ಲಿ ಆಡುವವರು. ಲೊಬೆರಾಗೆ ಜಾಹೂ. ಇಟಲಿಯ ಕೋಚ್ ಮೌರಿಜಿಯೊ ಸಾರಿ ಅವರಿಗೆ ಜೋರ್ಜಿನ್ಯೊ. ಪೋರ್ಚುಗಲ್‌ನ ಕೋಚ್ ಮೊರಿನ್ಯೊ ಅವರಿಗೆ ಮಾಟಿಚ್. ರೆಕ್ಕೆಯಲ್ಲಿ ಓಡುವ ಹುಡುಗರು ಹೀಗೆ ಹೋಗುವುದು ಕಮ್ಮಿ. ಯಾಕೆ ಅಂದರೆ ವೇಗ ಎಲ್ಲಿ ಬೇಕಾದರೂ ಮಾರಾಟ ಆಗುತ್ತದೆ. ಆದರೆ ಜಾಹೂ ಥರದವನ ಬೆಲೆ ಒಂದೇ ಆಟದ ಪದ್ಧತಿಯೊಳಗೆ ಕಾಣುವುದು.

ಜಾಹೂ ಆಟ ಕಂಠೀರವದಲ್ಲಿ ಕೂತು ನೋಡಿದ್ದೇನೆ. ಚೆಂಡು ಬರುವ ಮೊದಲು ಎರಡು ಸಲ ಭುಜದ ಮೇಲಿಂದ ಹಿಂದೆ ನೋಡುತ್ತಾನೆ. ಚೆಂಡು ಬಂದ ಮೇಲೆ ತಲೆ ಎತ್ತುವುದೇ ಇಲ್ಲ, ನಲವತ್ತು ಗಜ ದೂರಕ್ಕೆ ಒದೆಯುತ್ತಾನೆ. ಅದು ನೇರ ವಿಂಗರ್ ಕಾಲಿಗೆ. ವಿಂಗರ್ ಅಲ್ಲಿಗೆ ಬಂದಿರುತ್ತಾನೆ ಅನ್ನುವ ನಂಬಿಕೆ ಕೋಚ್ ಕೊಟ್ಟದ್ದು. ಬೇರೆ ಕೋಚ್ ತಂಡದಲ್ಲಿ ಅದೇ ಪಾಸ್ ಥ್ರೋ-ಇನ್ ಆಗುತ್ತದೆ. ನಾವು ‘ಅಯ್ಯೋ, ಮುದುಕ’ ಅನ್ನುತ್ತೇವೆ.

ಇನ್ನು ಎಲ್ಸೆಯ್ದ್ ಹಿಸಾಯ್ ನೋಡಿ. ಅಲ್ಬೇನಿಯಾದ ಫುಲ್ ಬ್ಯಾಕ್. ಸಾರಿ ಎಂಪೊಲಿಯಲ್ಲಿದ್ದಾಗ ಅಲ್ಲಿದ್ದ. 2015ರಲ್ಲಿ ಸಾರಿ ನಾಪೊಲಿಗೆ ಹೋದರು, ಇವನೂ ಹೋದ. 2021ರಲ್ಲಿ ಸಾರಿ ಲಾಜಿಯೊಗೆ ಬಂದರು. ಅದೇ ಹೊತ್ತಿಗೆ ಹಿಸಾಯ್‌ನ ನಾಪೊಲಿ ಒಪ್ಪಂದ ಮುಗಿಯಿತು. ಫ್ರೀಯಾಗಿ ಲಾಜಿಯೊಗೆ. ಮೂರು ತಂಡ, ಒಬ್ಬನೇ ಕೋಚ್. ಕಾವ್ಯ ಮೇಡಂ ಹೇಳಿದ ‘ತಾನೇ ಹೋದವನು’ ಅಂದರೆ ಇವನು. ಪಾಪ, ಲಾಜಿಯೊದಲ್ಲಿ ಹೊಸಬರಿಗೆ ಹಾಡು ಹೇಳಿಸುವ ಪದ್ಧತಿಯಲ್ಲಿ ಫ್ಯಾಸಿಸ್ಟ್ ವಿರೋಧಿ ಹಾಡೊಂದನ್ನು ಹಾಡಿ, ಅಲ್ಲಿನ ಬಲಪಂಥೀಯ ಅಭಿಮಾನಿಗಳಿಂದ ಬೈಸಿಕೊಂಡ. ಸಾರಿ ಎಲ್ಲಿ ಯಾವ ಸಾಲಲ್ಲಿ ನಿಲ್ಲಬೇಕು ಅಂತ ಕಲಿಸಿದ್ದರು, ಎಲ್ಲಿ ಯಾವ ಹಾಡು ಅಂತ ಕಲಿಸಿರಲಿಲ್ಲ.

ಕಂಠೀರವ_ಕಿಟ್ಟಿ

ಜೋರ್ಜಿನ್ಯೊ ಫ್ರೀ ಏಜೆಂಟ್ ಅಲ್ಲ ಅಲ್ವಾ? ಚೆಲ್ಸೀ ದುಡ್ಡು ಕೊಟ್ಟಿತ್ತು.

ಮಂಗಳೂರು_ಮಿಡ್‌ಫೀಲ್ಡ್

ಹೌದು, 2018ರಲ್ಲಿ ಸಾರಿ ಚೆಲ್ಸೀಗೆ ಹೋದಾಗ ನಾಪೊಲಿಯಿಂದ ಕೊಂಡದ್ದು. ಅವನ ಹೆಸರು ಹೇಳಿದ್ದು ಜಾಗದ ವಿಷಯಕ್ಕೆ. ಆದರೆ ಅವನ ಕಥೆಯ ಮುಂದಿನ ಭಾಗ ಜಾಸ್ತಿ ಮಜಾ. ಸಾರಿ ಒಂದೇ ವರ್ಷಕ್ಕೆ ಯುವೆಂಟಸ್‌ಗೆ ಹೋದರು. ಇವನು ಚೆಲ್ಸೀಯಲ್ಲೇ ಉಳಿದ. ಮೊದಲ ವರ್ಷ ‘ಕೋಚ್‌ನ ಮಗ’ ಅಂತ ಸ್ವಂತ ಅಭಿಮಾನಿಗಳೇ ಮೂದಲಿಸಿದ್ದರು. 2021ರಲ್ಲಿ ಟೂಹೆಲ್ ಕೈಕೆಳಗೆ ಚಾಂಪಿಯನ್ಸ್ ಲೀಗ್ ಗೆದ್ದ, ಇಟಲಿಗೆ ಯುರೋ ಕಪ್ ಗೆದ್ದ, ಆ ವರ್ಷದ ಯುಇಎಫ್‌ಎ ಅತ್ಯುತ್ತಮ ಆಟಗಾರ ಆದ. ಹಿಂದೆ ಹೋಗದೆ ಇದ್ದದ್ದೇ ಒಳ್ಳೆಯದಾಯಿತು.

ಬೆಳಗಾವಿ_ಲೆಫ್ಟ್‌ಬ್ಯಾಕ್

ಮಾಟಿಚ್ ಕಥೆ ಪೂರ್ತಿ ಹೇಳ್ರೀ. ಚೆಲ್ಸೀಯಲ್ಲಿ ಮೊರಿನ್ಯೊ, ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಮೊರಿನ್ಯೊ, 2022ರಲ್ಲಿ ಫ್ರೀಯಾಗಿ ರೋಮಾದಲ್ಲಿ ಮೊರಿನ್ಯೊ. ಆಮೇಲೆ? ಒಂದೇ ಸೀಸನ್ ಆಡಿ 2023ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನ ರೆನ್ ತಂಡಕ್ಕೆ ಹೋದ. ಮೊರಿನ್ಯೊ ಇನ್ನೂ ರೋಮಾದಲ್ಲೇ ಇದ್ದಾಗ! ಹಿಂದೆ ಬಂದವನು ಬಿಟ್ಟೂ ಹೋಗುತ್ತಾನೆ.

ನ್ಯೂಜೆರ್ಸಿ_ನಾಗ

ಇಲ್ಲಿಂದ ಒಂದು ಮಾತು. ನಾನು ಹಾಸನದವನು, ಇಲ್ಲಿಗೆ ಬಂದು 14 ವರ್ಷ. ಮೊದಮೊದಲು ಅಮೆರಿಕನ್ ಫುಟ್‌ಬಾಲ್ ಅಂದರೆ ಕುಸ್ತಿ ಅಂದುಕೊಂಡಿದ್ದೆ. ಈಗ ಭಾನುವಾರ ಮಧ್ಯಾಹ್ನ ನನ್ನ ಹೆಂಡತಿ ಫೋನ್ ಮಾಡಿದರೂ ಎತ್ತುವುದಿಲ್ಲ.

ನಿಮ್ಮ ಈ ಚರ್ಚೆ ಇಲ್ಲಿ ಪ್ರತಿ ಮಾರ್ಚ್‌ನಲ್ಲಿ ಹಬ್ಬದ ಥರ ನಡೆಯುತ್ತದೆ. ಎನ್‌ಎಫ್‌ಎಲ್ ಅನ್ನುವ ಇಲ್ಲಿಯ ಲೀಗ್‌ನಲ್ಲಿ ಜನವರಿಯಲ್ಲಿ ಕೋಚ್‌ಗಳು ಬದಲಾಗುತ್ತಾರೆ, ಮಾರ್ಚ್‌ನಲ್ಲಿ ಆಟಗಾರರ ಒಪ್ಪಂದಗಳು ಒಂದೇ ಸಲಕ್ಕೆ ಮುಗಿಯುತ್ತವೆ. ಅದಕ್ಕೇ ಇಲ್ಲಿ ಜಾತಕ ಕೂಡಿಸುವುದು ಸುಲಭ. ನಿಮ್ಮಲ್ಲಿ ಆಟದ ಪದ್ಧತಿ ಅನ್ನುತ್ತೀರಲ್ಲ, ಇಲ್ಲಿ ಅದು ಅಕ್ಷರಶಃ ಪುಸ್ತಕ. ಪ್ಲೇಬುಕ್. ಪ್ರತಿ ಕೋಚ್‌ನ ಭಾಷೆ ಬೇರೆ. ಒಂದು ಪ್ಲೇ, ಅಂದರೆ ಒಂದು ಸಲದ ದಾಳಿಯ ಯೋಜನೆ, ಅದರ ಹೆಸರೇ ಹತ್ತು ಪದ ಇರುತ್ತದೆ. ಅದನ್ನು ಬಾಯಿಪಾಠ ಮಾಡಿದ ಇಬ್ಬರು ಮೂವರು ಹಳಬರು ಡ್ರೆಸ್ಸಿಂಗ್ ರೂಮಿನಲ್ಲಿದ್ದರೆ ಹೊಸ ಕೋಚ್‌ಗೆ ಅರ್ಧ ಕೆಲಸ ಕಮ್ಮಿ. ಅವರು ಆಟಗಾರರೂ ಹೌದು, ಟ್ಯೂಷನ್ ಮೇಷ್ಟ್ರೂ ಹೌದು.

ಎರಡು ಉದಾಹರಣೆ. ಒಂದು ಸಿಹಿ, ಒಂದು ಕಹಿ.

ಸಿಹಿ: 2024ರಲ್ಲಿ ಡ್ಯಾನ್ ಕ್ವಿನ್ ವಾಷಿಂಗ್ಟನ್ ತಂಡದ ಮುಖ್ಯ ಕೋಚ್ ಆದರು. ಅದಕ್ಕೆ ಮೊದಲು ಡಲ್ಲಾಸ್‌ನಲ್ಲಿ ಡಿಫೆನ್ಸ್ ನೋಡಿಕೊಳ್ಳುತ್ತಿದ್ದರು. ಡಲ್ಲಾಸ್‌ನಿಂದ ಡೊರಾನ್ಸ್ ಆರ್ಮ್‌ಸ್ಟ್ರಾಂಗ್, ಡಾಂಟೆ ಫೌಲರ್, ಟೈಲರ್ ಬಿಯಾಡಾಷ್ ಫ್ರೀ ಏಜೆಂಟ್‌ಗಳಾಗಿ ಹಿಂದೆಯೇ ಬಂದರು. ಇನ್ನೂ ಹಿಂದೆ ಸಿಯಾಟಲ್‌ನಲ್ಲಿ ಅವರ ಕೈಕೆಳಗೆ ಆಡಿದ್ದ ಬಾಬಿ ವ್ಯಾಗ್ನರ್ ಕೂಡ ಬಂದ. ಹತ್ತು ವರ್ಷ ಆದಮೇಲೆ ಮತ್ತೆ ಅದೇ ಕೋಚ್! ತಂಡ 12 ಗೆದ್ದು 5 ಸೋತು ಸೆಮಿಫೈನಲ್ ಅನ್ನಬಹುದಾದ ಪಂದ್ಯದವರೆಗೂ ಹೋಯಿತು.

ಕಹಿ: 2023. ನಮ್ಮ ಪಕ್ಕದ ಜೆಟ್ಸ್. ಗ್ರೀನ್ ಬೇ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ ಆಟಗಾರ) ಆರನ್ ರಾಜರ್ಸ್‌ಗೆ ಕೋಚ್ ಆಗಿದ್ದ ನಥಾನಿಯಲ್ ಹ್ಯಾಕೆಟ್ ಇಲ್ಲಿಗೆ ಬಂದರು. ರಾಜರ್ಸ್ ಟ್ರೇಡ್ ಆಗಿ, ಅಂದರೆ ತಂಡಗಳ ನಡುವಿನ ಅದಲುಬದಲಿನಲ್ಲಿ, ಬಂದ. ಅವನ ಹಳೇ ಗೆಳೆಯರಾದ ಅಲೆನ್ ಲಜಾರ್ಡ್, ರಾಂಡಲ್ ಕಾಬ್ ಫ್ರೀ ಏಜೆಂಟ್‌ಗಳಾಗಿ ಬಂದರು. ಲಜಾರ್ಡ್‌ಗೆ ನಾಲ್ಕು ವರ್ಷಕ್ಕೆ 4.4 ಕೋಟಿ ಡಾಲರ್ ಒಪ್ಪಂದ. ಸೆಪ್ಟೆಂಬರ್ 11ರ ಮೊದಲ ಪಂದ್ಯ. ನಾವು ಒಂದಷ್ಟು ಕನ್ನಡದವರು ಒಂದು ಮನೆಯಲ್ಲಿ ಸೇರಿ ಮಂಡಕ್ಕಿ ಕಲಸಿಕೊಂಡು ಕೂತಿದ್ದೆವು. ಈರುಳ್ಳಿ ಇನ್ನೂ ಬೆರೆಸಿರಲಿಲ್ಲ. ಆ ಪಂದ್ಯದ ನಾಲ್ಕನೇ ಪ್ಲೇಗೇ ರಾಜರ್ಸ್ ಹಿಮ್ಮಡಿ ನರ ಹರಿದುಕೊಂಡು ಕೂತ. ಆ ಸೀಸನ್ ಮುಗಿದೇಹೋಯಿತು. ತಂಡ 7 ಗೆದ್ದು 10 ಸೋತಿತು. ಲಜಾರ್ಡ್ ಇಡೀ ವರ್ಷ ಒಂದೇ ಟಚ್‌ಡೌನ್.

ಬೆಳಗಾವಿ_ಲೆಫ್ಟ್‌ಬ್ಯಾಕ್

ಮಂಡಕ್ಕಿ ಏನಾಯ್ತು?

ನ್ಯೂಜೆರ್ಸಿ_ನಾಗ

ಮೆತ್ತಗಾಯ್ತು.

ಸೀಟಿ_ಶಾಮಣ್ಣ

ವಾಷಿಂಗ್ಟನ್ ಗೆದ್ದದ್ದು ಹಳೇ ಆಟಗಾರರಿಂದ ಅಂತೀರಾ? ಅಲ್ಲಿ ಹೊಸ ಹುಡುಗ ಒಬ್ಬ ಇದ್ದನಂತಲ್ಲ. ಮೊಮ್ಮಗ ಹೇಳುತ್ತಿದ್ದ.

ನ್ಯೂಜೆರ್ಸಿ_ನಾಗ

ಮೊಮ್ಮಗ ಹೇಳಿದ್ದು ಸರಿ ಸಾರ್. ಜೇಡನ್ ಡೇನಿಯಲ್ಸ್. ಮೊದಲನೇ ವರ್ಷದ ಕ್ವಾರ್ಟರ್‌ಬ್ಯಾಕ್. ಗೆಲ್ಲಿಸಿದ್ದು ಮುಖ್ಯವಾಗಿ ಅವನೇ. ಆದರೆ ವ್ಯಾಗ್ನರ್ ಥರದವರು ಮನೆಯಲ್ಲಿ ಅಜ್ಜಿ ಇದ್ದ ಹಾಗೆ. ಅಡುಗೆ ಮಾಡುವುದು ಸೊಸೆ, ಆದರೆ ಉಪ್ಪು ಎಷ್ಟು ಅಂತ ಕೇಳುವುದು ಅಜ್ಜಿಯನ್ನೇ.

ಕರಾರು_ಕಾವ್ಯ

ಸೊಸೆಯಂದಿರ ಪರವಾಗಿ ನನ್ನ ಆಕ್ಷೇಪಣೆ ದಾಖಲಿಸಿಕೊಳ್ಳಿ.

ವೆಸ್ಟ್‌ಬ್ಲಾಕ್_ಮಂಜ

ಇಷ್ಟೆಲ್ಲ ಆದಮೇಲೆ ಮೆಸ್ಸಿ ಹೆಸರು ಯಾರೂ ಹೇಳಲಿಲ್ಲವಲ್ಲ? 2023ರಲ್ಲಿ ಇಂಟರ್ ಮಯಾಮಿ. ಕೋಚ್ ಟಾಟಾ ಮಾರ್ಟಿನೊ. ಬಾರ್ಸಿಲೋನಾದಲ್ಲಿ 2013-14ರಲ್ಲಿ ಅವರೇ ಕೋಚ್. ಆಗಿನ ಮೆಸ್ಸಿ, ಬುಸ್ಕೆಟ್ಸ್, ಆಲ್ಬಾ ಮೂವರೂ ಫ್ರೀಯಾಗಿ ಮಯಾಮಿಗೆ. ಇದಕ್ಕಿಂತ ದೊಡ್ಡ ಉದಾಹರಣೆ ಭೂಮಿ ಮೇಲೆ ಇಲ್ಲ.

ಮಂಗಳೂರು_ಮಿಡ್‌ಫೀಲ್ಡ್

ತಾರೀಖು ನೋಡು ಮಂಜ. ಜೂನ್ 7ಕ್ಕೆ ಮೆಸ್ಸಿ ಮಯಾಮಿಗೆ ಹೋಗುತ್ತೇನೆ ಅಂದ. ಮಾರ್ಟಿನೊ ನೇಮಕ ಆದದ್ದು ಜೂನ್ ಕೊನೆಯಲ್ಲಿ. ಇಲ್ಲಿ ಕೋಚ್ ಹಿಂದೆ ಆಟಗಾರ ಹೋಗಲಿಲ್ಲ, ಆಟಗಾರನ ಹಿಂದೆ ಕೋಚ್ ಬಂದರು. ಮಾರ್ಟಿನೊ 2024ರ ನವೆಂಬರ್‌ನಲ್ಲಿ ಬಿಟ್ಟ ಮೇಲೆ ಬಂದದ್ದು ಯಾರು? ಮಾಸ್ಕೆರಾನೊ. ಮೆಸ್ಸಿಯ ಹಳೇ ಸಹ ಆಟಗಾರ. ಮೆಸ್ಸಿ ವಿಷಯದಲ್ಲಿ ನಮ್ಮ ಜಾತಕವನ್ನು ತಿರುಗಿಸಿ ಹಿಡಿದು ಓದಬೇಕು.

ವೆಸ್ಟ್‌ಬ್ಲಾಕ್_ಮಂಜ

ಇವತ್ತು ನನ್ನ ದಿನ ಅಲ್ಲ.

ಕಂಠೀರವ_ಕಿಟ್ಟಿ

ಮನೆಗೆ ಬರೋಣ. ನಮ್ಮ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ವಿಷಯದಲ್ಲಿ ಏನಾಗಿದೆ? ನನಗೆ ಕಾರ್ಲೆಸ್ ಕ್ವಾದ್ರಾತ್ ನೆನಪಾಗುತ್ತಾರೆ. ಆಲ್ಬರ್ಟ್ ರೋಕಾಗೆ ಸಹಾಯಕರಾಗಿ ಬಂದು, 2018ರಲ್ಲಿ ಮುಖ್ಯ ಕೋಚ್ ಆಗಿ, 2019ರ ಮಾರ್ಚ್‌ನಲ್ಲಿ ನಮಗೆ ಐಎಸ್‌ಎಲ್ ಕಪ್ ಗೆದ್ದುಕೊಟ್ಟವರು. 2023ರಲ್ಲಿ ಈಸ್ಟ್ ಬೆಂಗಾಲ್‌ಗೆ ಹೋದಾಗ ಹರ್ಮನ್‌ಜೋತ್ ಖಾಬ್ರಾ, ನಿಶು ಕುಮಾರ್ ಅಲ್ಲಿಗೆ ಬಂದರು. ಇಬ್ಬರೂ ನಮ್ಮಲ್ಲಿ ಅವರ ಕೈಕೆಳಗೆ ಆಡಿದವರು. ನಡುವೆ ಇಬ್ಬರೂ ಕೇರಳದಲ್ಲಿದ್ದರು.

ವೆಸ್ಟ್‌ಬ್ಲಾಕ್_ಮಂಜ

ಕ್ಲೀಟನ್ ಸಿಲ್ವಾ ಕೂಡ!

ಕಂಠೀರವ_ಕಿಟ್ಟಿ

ಕ್ಲೀಟನ್ 2022ರಲ್ಲೇ ಅಲ್ಲಿದ್ದ ಮಂಜ. ಕೋಚ್ ಬರುವುದಕ್ಕೆ ಒಂದು ವರ್ಷ ಮೊದಲು.

ವೆಸ್ಟ್‌ಬ್ಲಾಕ್_ಮಂಜ

ಫೋನ್ ಪಕ್ಕಕ್ಕಿಟ್ಟು ಊಟ ಮಾಡಿ ಬರುತ್ತೇನೆ.

ಬೆಳಗಾವಿ_ಲೆಫ್ಟ್‌ಬ್ಯಾಕ್

ಆದರೂ ಅಲ್ಲಿ ಫಲ ಸಿಕ್ಕಿತು. 2024ರ ಜನವರಿಯಲ್ಲಿ ಭುವನೇಶ್ವರದಲ್ಲಿ ಸೂಪರ್ ಕಪ್ ಫೈನಲ್. ಎದುರಿಗೆ ಲೊಬೆರಾ ಅವರ ಒಡಿಶಾ, ಅದೂ ಅವರದೇ ಮೈದಾನದಲ್ಲಿ. ಹೆಚ್ಚುವರಿ ಸಮಯದಲ್ಲಿ ಕ್ಲೀಟನ್ ಗೋಲ್ ಹೊಡೆದ, 3-2. ಈಸ್ಟ್ ಬೆಂಗಾಲ್‌ಗೆ 12 ವರ್ಷದ ಮೇಲೆ ಒಂದು ರಾಷ್ಟ್ರೀಯ ಟ್ರೋಫಿ. ಆದರೆ ಅದೇ ವರ್ಷ ಸೆಪ್ಟೆಂಬರ್ ಕೊನೆಗೆ, ಲೀಗ್ ಶುರುವಾದ ಕೂಡಲೇ ಸಾಲಾಗಿ ಸೋತು, ಕ್ವಾದ್ರಾತ್ ರಾಜೀನಾಮೆ. ಕೋಚ್ ನಂಬಿ ಬಂದವರ ಕಥೆ ಏನು? ಕೋಚ್ ಬಸ್ ಇಳಿದ ಮೇಲೆ ಟಿಕೆಟ್ ಇಟ್ಟುಕೊಂಡು ಏನು ಮಾಡೋದು?

ಮಂಗಳೂರು_ಮಿಡ್‌ಫೀಲ್ಡ್

ಬಿಎಫ್‌ಸಿಯಲ್ಲಿ ನನ್ನ ಮಟ್ಟಿಗೆ ಒಳ್ಳೆಯ ಉದಾಹರಣೆ ರಾಹುಲ್ ಭೇಕೆ. 2019ರ ಫೈನಲ್, ಗೋವಾ ವಿರುದ್ಧ. ಜಾಹೂ ರೆಡ್ ಕಾರ್ಡ್ ತಿಂದು ಹೊರಗೆ. 117ನೇ ನಿಮಿಷ. ಡಿಮಾಸ್ ಕಾರ್ನರ್, ಭೇಕೆ ತಲೆ, ಚೆಂಡು ಒಳಗೆ. ಆಗ ನಮ್ಮ ಬೆಂಚಿನಲ್ಲಿ ಕ್ವಾದ್ರಾತ್ ಪಕ್ಕ ಸಹಾಯಕ ಕೋಚ್ ಆಗಿದ್ದವರು ಜೆರಾರ್ಡ್ ಝರಗೋಝಾ. ಆಮೇಲೆ ಭೇಕೆ ಮುಂಬೈಗೆ ಹೋದ, ಮೂರು ವರ್ಷ ಆಡಿದ. 2024ರಲ್ಲಿ ಅಲ್ಲಿಯ ಒಪ್ಪಂದ ಮುಗಿಸಿ ವಾಪಸ್ ಬಂದಾಗ ಇಲ್ಲಿ ಮುಖ್ಯ ಕೋಚ್ ಅದೇ ಝರಗೋಝಾ. ಆ ಸೀಸನ್ ನಾವು ಮತ್ತೆ ಫೈನಲ್‌ಗೆ ಹೋದೆವು. ಮೋಹನ್ ಬಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತೆವು, ಅದನ್ನು ಮತ್ತೆ ಕೆದಕುವುದು ಬೇಡ.

ಅವನು ಬಂದದ್ದು ಕೋಚ್‌ಗೋ, ಕ್ಲಬ್‌ಗೋ, ಕಂಠೀರವಕ್ಕೋ, ಯಾರು ಹೇಳಬೇಕು? ಮೂರೂ ಒಂದೇ ಕಡೆ ಇದ್ದವು.

ಕರಾರು_ಕಾವ್ಯ

ಓವನ್ ಕಾಯ್ಲ್ ವಿಷಯ ಬಿಟ್ಟಿರಿ. 2019-20ರಲ್ಲಿ ಚೆನ್ನೈಯಿನ್ ತಂಡವನ್ನು ನಡುವಿನಲ್ಲಿ ವಹಿಸಿಕೊಂಡು ಫೈನಲ್‌ಗೆ ಒಯ್ದರು. ನೆರಿಯಸ್ ವಾಲ್ಸ್ಕಿಸ್ 15 ಗೋಲ್ ಹೊಡೆದು ಗೋಲ್ಡನ್ ಬೂಟ್ ಗೆದ್ದ. ಮುಂದಿನ ವರ್ಷ ಕಾಯ್ಲ್ ಜಮ್‌ಶೆಡ್‌ಪುರಕ್ಕೆ. ವಾಲ್ಸ್ಕಿಸ್ ಕೂಡ. ಅದರ ಮುಂದಿನ ವರ್ಷ ಎಲಿ ಸಬಿಯಾ. ಮಿಡ್‌ಫೀಲ್ಡ್ ಸಾರ್ ಹೇಳಿದ ಜಾಗದ ಸೂತ್ರಕ್ಕೆ ಇಲ್ಲಿ ಒಬ್ಬ ಸ್ಟ್ರೈಕರ್ ಅಡ್ಡ ಬಂದ ನೋಡಿ.

ತಮಾಷೆ ಏನೆಂದರೆ ಜಮ್‌ಶೆಡ್‌ಪುರ ಶೀಲ್ಡ್ ಗೆದ್ದದ್ದು 2021-22ರಲ್ಲಿ. ಅದೇ ಸೀಸನ್ ನಡುವೆ ವಾಲ್ಸ್ಕಿಸ್ ಕಾಯ್ಲ್‌ರನ್ನು ಬಿಟ್ಟು ಚೆನ್ನೈಗೆ ವಾಪಸ್ ಹೋಗಿದ್ದ. ಕೋಚ್ ಹಿಂದೆ ಹೋದವನು ಕೋಚ್ ಗೆಲ್ಲುವ ಹೊತ್ತಿಗೆ ಅಲ್ಲಿರಲಿಲ್ಲ. 2023ರಲ್ಲಿ ಕಾಯ್ಲ್ ಕೂಡ ಚೆನ್ನೈಗೆ ವಾಪಸ್ ಬಂದರು. ಅಷ್ಟರಲ್ಲಿ ಇವನು ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಹುಡುಕಿಕೊಂಡು ಎದುರುಬದುರು ರೈಲು ಹತ್ತಿದ ಹಾಗೆ.

ಗೌತಂಪುರದ_ಸ್ಟಾಪರ್

ತುಂಬಾ ದಿನದಿಂದ ಓದುತ್ತೇನೆ, ಬರೆಯುವುದು ಕಮ್ಮಿ. ನಾನು ದೊಡ್ಡ ಆಟಗಾರ ಅಲ್ಲ. ಬೆಂಗಳೂರು ಲೀಗ್‌ನಲ್ಲಿ ಎಂಟು ಸೀಸನ್ ಸ್ಟಾಪರ್ (ಗೋಲ್ ಮುಂದಿನ ಡಿಫೆಂಡರ್) ಆಗಿ ಆಡಿದ್ದೇನೆ, ಅಷ್ಟೇ. ಆದರೆ ಈ ‘ಕೋಚ್ ಹಿಂದೆ ಹೋಗುವುದು’ ಏನು ಅಂತ ಅನುಭವಿಸಿದ್ದೇನೆ.

ನಮ್ಮ ಕೋಚ್ ಸಾರ್ ಒಂದು ಕ್ಲಬ್ ಬಿಟ್ಟು ಇನ್ನೊಂದು ಕ್ಲಬ್‌ಗೆ ಹೋದರು. ಹೆಸರು ಬೇಡ. ಸ್ವಲ್ಪ ದಿನಕ್ಕೆ ನಮ್ಮ ಸೀಸನ್ ಮುಗಿಯಿತು. ಒಂದು ಸಂಜೆ ಶಿವಾಜಿನಗರದಲ್ಲಿ ಟೀ ಅಂಗಡಿಗೆ ಬಾ ಅಂದರು. ಹೋದೆ. ನನ್ನ ಜೊತೆ ಇನ್ನಿಬ್ಬರು ಹುಡುಗರು. ದುಡ್ಡಿನ ಮಾತೇ ಎತ್ತಲಿಲ್ಲ. ಟೇಬಲ್ ಮೇಲಿದ್ದ ಟೀ ಗ್ಲಾಸುಗಳನ್ನು ಸಾಲಾಗಿ ಜೋಡಿಸಿದರು. ಸಕ್ಕರೆ ಡಬ್ಬಿ ಗೋಲ್. ಅದರ ಮುಂದೆ ಎರಡು ಗ್ಲಾಸ್. ಎಡಗಡೆ ಗ್ಲಾಸ್ ಮೇಲೆ ಬೆರಳಿಟ್ಟು, ‘ಇದು ನೀನು. ನಿನ್ನ ಪಕ್ಕದ ಹುಡುಗ ಹೊಸಬ, ಮುಂದೆ ಓಡುತ್ತಾನೆ. ನೀನು ಓಡಬೇಡ. ಬಾಯಿ ಮಾತ್ರ ಮುಚ್ಚಬೇಡ’ ಅಂದರು. ನಿಜ ಹೇಳಬೇಕು ಅಂದರೆ ಅಷ್ಟಕ್ಕೇ ನಾನು ಒಪ್ಪಿದೆ. ನನಗೆ 29 ವರ್ಷ, ಎಡ ಮಂಡಿ ನೋವಿತ್ತು. ಅದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಕರೆದರಲ್ಲ.

ಹಳೇ ಕ್ಲಬ್‌ನಲ್ಲಿ ಎನ್‌ಒಸಿ ಕೊಡಲು ಮೂರು ವಾರ ಸತಾಯಿಸಿದರು. ಹೊಸ ಕ್ಲಬ್‌ನಲ್ಲಿ ನಾಲ್ಕು ಪಂದ್ಯ ಚೆನ್ನಾಗಿ ನಡೆಯಿತು. ಐದನೆಯದರ ಹೊತ್ತಿಗೆ ಕೋಚ್ ಸಾರ್‌ಗೂ ಕ್ಲಬ್ಬಿನವರಿಗೂ ಜಗಳ. ಅವರು ಹೊರಟುಹೋದರು. ನಾವು ಮೂವರು ಅಲ್ಲೇ. ಹೊಸ ಕೋಚ್ ಬಂದ ದಿನವೇ ಯಾರೋ ನಮ್ಮ ಕಡೆ ತೋರಿಸಿ ‘ಇವರು ಅವರ ಹುಡುಗರು’ ಅಂದದ್ದು ಕಿವಿಗೆ ಬಿತ್ತು. ಆಮೇಲೆ ಆ ಸೀಸನ್ ನಾನು ಒಟ್ಟು ಇಪ್ಪತ್ತು ನಿಮಿಷ ಆಡಿದೆ. ಬೆಂಚಿನ ಮೇಲೆ ಕೂತು ಫುಟ್‌ಬಾಲ್ ಸ್ಟೇಡಿಯಂನ ಮೆಟ್ಟಿಲು ಎಣಿಸಿದ್ದೇನೆ.

ಅದಕ್ಕೇ ಹೇಳುವುದು, ಒಪ್ಪಂದ ಮಾಡಿಕೊಳ್ಳುವುದು ಕ್ಲಬ್ ಜೊತೆ. ಕೋಚ್ ಹೆಸರು ಆ ಕಾಗದದಲ್ಲಿ ಎಲ್ಲೂ ಇರುವುದಿಲ್ಲ.

ಕರಾರು_ಕಾವ್ಯ

ಕೊನೆಯ ಎರಡು ವಾಕ್ಯ ನಮ್ಮ ಕಕ್ಷಿದಾರರಿಗೆಲ್ಲ ಕಳಿಸುತ್ತೇನೆ ಅಣ್ಣ.

ಸೀಟಿ_ಶಾಮಣ್ಣ

ಗೌತಂಪುರ, ನಿನ್ನ ಮ್ಯಾಚು ನಾನು ಊದಿರಬಹುದು. ಬಾಯಿ ಮುಚ್ಚದ ಸ್ಟಾಪರ್ ಒಬ್ಬನಿಗೆ ಹಳದಿ ಕಾರ್ಡ್ ಕೊಟ್ಟ ನೆನಪಿದೆ.

ಗೌತಂಪುರದ_ಸ್ಟಾಪರ್

ಸಾರ್, ಅದು ಫೌಲ್ ಅಲ್ಲ. ಇವತ್ತಿಗೂ ಹೇಳುತ್ತೇನೆ.

ಕಂಠೀರವ_ಕಿಟ್ಟಿ

ಹಹ್ಹಾ. ಸರಿ, ಊಹೆಗೆ ಬರೋಣ. ಲೊಬೆರಾ 2025ರ ಕೊನೆಯಲ್ಲಿ ಒಡಿಶಾ ಬಿಟ್ಟು ಮೋಹನ್ ಬಗಾನ್ ಸೇರಿದರು. ಇಲ್ಲಿವರೆಗಿನ ಗುರುತು ಹಿಡಿದು ನೋಡಿದರೆ ಅಲ್ಲಿಗೂ ಹಳಬರ ಮೆರವಣಿಗೆ ಹೋಗಬೇಕಲ್ಲ?

ಮಂಗಳೂರು_ಮಿಡ್‌ಫೀಲ್ಡ್

ನನಗೆ ಹಾಗೆ ಅನ್ನಿಸುವುದಿಲ್ಲ. ಮುಂಬೈಗೂ ಒಡಿಶಾಕ್ಕೂ ಹೋದಾಗ ಅವರು ಸೀಸನ್ ಶುರುವಾಗುವ ಮೊದಲು ಹೋದವರು. ತಂಡ ಕಟ್ಟುವ ಕೆಲಸ ಅವರ ಕೈಯಲ್ಲಿತ್ತು. ಬಗಾನ್ ಹಾಗಲ್ಲ. 2024-25ರಲ್ಲಿ ಮೊಲಿನಾ ಕೈಕೆಳಗೆ ಶೀಲ್ಡ್, ಕಪ್ ಎರಡೂ ಗೆದ್ದ ತಂಡ. ತುಂಬಿದ ಮನೆ. ಅಲ್ಲಿ ಹೊಸಬರಿಗೆ ಚಾಪೆ ಹಾಸಲು ಜಾಗ ಎಲ್ಲಿ? ಖಾಲಿ ಇರುವ ಮನೆಗೆ ಕೋಚ್ ಹೋದಾಗಲೇ ಹಳೇ ನೆಂಟರು ಬರುವುದು. ಇದು ಮೂರನೇ ಗುರುತು ಅಂತ ಬರೆದುಕೊಳ್ಳಿ.

ವೆಸ್ಟ್‌ಬ್ಲಾಕ್_ಮಂಜ

ಊಟ ಆಯ್ತು. ನಾನೂ ಒಂದು ಗುರುತು ಕೊಡಲಾ? ಈ ಸಲ ತಪ್ಪಿಲ್ಲ. ಕೋಚ್ ಕ್ಲಬ್ ಬದಲಾಯಿಸಿದ ಮೊದಲ ವಿಂಡೋ (ಆಟಗಾರರನ್ನು ನೋಂದಾಯಿಸುವ ಅವಧಿ) ಮಾತ್ರ ನೋಡಬೇಡಿ. ಬೂಮೂಸ್ ಒಡಿಶಾಕ್ಕೆ ಬಂದದ್ದು ಒಂದು ವರ್ಷ ತಡವಾಗಿ. ಎಲಿ ಸಬಿಯಾ ಕೂಡ ಜಮ್‌ಶೆಡ್‌ಪುರಕ್ಕೆ ಒಂದು ವರ್ಷ ತಡ. ಒಪ್ಪಂದ ಮುಗಿಯುವ ತಾರೀಖೂ ಕೋಚ್ ಹೋಗುವ ತಾರೀಖೂ ಒಂದೇ ಇರಬೇಕು ಅಂತೇನಿಲ್ಲ.

ಕರಾರು_ಕಾವ್ಯ

ಮಂಜ, ಇದು ಸರಿಯಾದ ಮಾತು. ಜೊತೆಗೆ ಒಂದು ಸಣ್ಣ ನಿಯಮ: ವಿಂಡೋ ಮುಚ್ಚುವ ಮೊದಲೇ ಒಪ್ಪಂದ ಮುಗಿದಿದ್ದರೆ, ಅಂಥವನನ್ನು ವಿಂಡೋ ಮುಚ್ಚಿದ ಮೇಲೂ ನೋಂದಾಯಿಸಬಹುದು. ಆದ್ದರಿಂದ ಆಗಸ್ಟ್‌ನಲ್ಲಿ ಮನೆಯಲ್ಲಿ ಕೂತ ಆಟಗಾರ ಅಕ್ಟೋಬರ್‌ನಲ್ಲಿ ಹಳೇ ಕೋಚ್ ಫೋನ್ ಮಾಡಿದರೆ ಹೋಗಬಹುದು. ಯಾರಿಗಾದರೂ ಗಾಯ ಆದಾಗ ಮೊದಲ ಫೋನ್ ಹೋಗುವುದು ಇಂಥವರಿಗೇ.

ವೆಸ್ಟ್‌ಬ್ಲಾಕ್_ಮಂಜ

ಮೇಡಂ ಸರಿ ಅಂದರು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ನ್ಯೂಜೆರ್ಸಿ_ನಾಗ

ಗೌತಂಪುರದ ಅಣ್ಣ, ಒಂದು ಕೇಳಬೇಕಿತ್ತು. ಆ ಕೋಚ್ ಸಾರ್ ಆಮೇಲೆ ಸಿಕ್ಕರಾ? ಬೇಜಾರು ಇದೆಯಾ ಅವರ ಮೇಲೆ?

ಗೌತಂಪುರದ_ಸ್ಟಾಪರ್

ಎರಡು ಮೂರು ವರ್ಷ ಇತ್ತು. ಮಾತಾಡಲಿಲ್ಲ. ಹೋದ ತಿಂಗಳು ಸ್ಟೇಡಿಯಂ ಗೇಟ್ ಹತ್ತಿರ ಸಿಕ್ಕಿದರು. ಕೂದಲೆಲ್ಲ ಬೆಳ್ಳಗಾಗಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಹೊಟ್ಟೆ ಜಾಸ್ತಿ ಆಗಿದೆ. ಭಾನುವಾರ ಬೆಳಗ್ಗೆ ಆರೂವರೆಗೆ ಹಳಬರ ಮ್ಯಾಚ್ ಇದೆ. ಸ್ಟಾಪರ್ ಇಲ್ಲ’ ಅಂದರು.

ನ್ಯೂಜೆರ್ಸಿ_ನಾಗ

ಹೋದಿರಾ?

ಗೌತಂಪುರದ_ಸ್ಟಾಪರ್

ಅರ್ಧ ಗಂಟೆ ಆಡಿದೆ. ಮಂಡಿ ಊದಿದೆ. ಈ ಭಾನುವಾರಕ್ಕೆ ಇಳಿಯುತ್ತೆ ಅಂದುಕೊಂಡಿದ್ದೇನೆ.